ತಡವಾಗಿ ತಲುಪಿದ ಅನ್ನ

ದಕ್ಷಿಣ ಸೊಮಾಲಿಯಾದ ಎರಡು ಪ್ರದೇಶಗಳಲ್ಲಿ ಕ್ಷಾಮ ತಲೆದೋರಿದೆಯೆಂದು ವಿಶ್ವಸಂಸ್ಥೆಯು ಘೋಷಿಸಿದ್ದು 2011ರ ಜುಲೈ 20ರಂದು. ನೆರವು ಹೇರಳವಾಗಿ ಹರಿದುಬಂದದ್ದು ಆ ಬಳಿಕವೇ. ಆದರೆ ಹಿಂದಿನ ವರ್ಷದ ಕೊನೆಯಲ್ಲಿ ಮಳೆ ಕೈಕೊಟ್ಟಾಗಲೇ ಎಚ್ಚರಿಕೆಗಳು ಬಂದಿದ್ದವು. ಅಲ್-ಶಬಾಬ್ ಎಂಬ ಶಸ್ತ್ರಧಾರಿ ಗುಂಪು ನೆರವು ಸಂಸ್ಥೆಗಳನ್ನು ತಡೆದದ್ದು ನಿಜ. ವಿಳಂಬಕ್ಕೆ ಅದೊಂದೇ ಕಾರಣವಲ್ಲ. 2013ರ ಅಧ್ಯಯನವೊಂದರ ಅಂದಾಜಿನಂತೆ ಮಡಿದವರು ಸುಮಾರು 2,58,000. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಅನೇಕರು ಘೋಷಣೆಗೆ ಮೊದಲೇ ತೀರಿಕೊಂಡಿದ್ದರು.

ಸೊರಗಿದ ಮಗುವಿನ ಚಿತ್ರ ಕಂಡೊಡನೆ ನಮ್ಮ ಕೈ ಜೇಬಿಗೆ ಹೋಗುತ್ತದೆ. ಅದು ಕರುಣೆಯೇ, ಸಂದೇಹವಿಲ್ಲ. ಆದರೆ ಆ ಚಿತ್ರ ಬರುವವರೆಗೂ ಕಾಯುವ ಕರುಣೆ ಯಾರ ಸಾವನ್ನು ಸಾಕ್ಷಿಯಾಗಿ ಕೇಳುತ್ತಿದೆ? ಈಜಿಪ್ಟಿನಲ್ಲಿ ಜೋಸೆಫನು ಕಣಜಗಳನ್ನು ತುಂಬಿಸಿದ್ದು ಸಮೃದ್ಧಿಯ ಏಳು ವರ್ಷಗಳಲ್ಲಿ. ಆಗ ಕ್ಷಾಮಪೀಡಿತರಾರೂ ಅವನ ಕಣ್ಣಮುಂದೆ ಇರಲಿಲ್ಲ.