ಕೊಳಗ ಮತ್ತು ಬೆಳೆ

ವಿಜ್ಞಾನದ ಇತಿಹಾಸದಲ್ಲಿ ಅತಿ ಹೆಚ್ಚು ಸಲ ಉಲ್ಲೇಖಗೊಂಡ ಸಂಶೋಧನಾ ಪ್ರಬಂಧ ಯಾವುದು ಹೇಳಿ? ಐನ್‌ಸ್ಟೈನ್ ಬರೆದಿದ್ದಾ? ಡಿಎನ್‌ಎ ರಚನೆ ಬಗ್ಗೆ ಬಂದಿದ್ದಾ? ಎರಡೂ ಅಲ್ಲ. 2014ರಲ್ಲಿ ನೇಚರ್ ಪತ್ರಿಕೆ ಪಟ್ಟಿ ಮಾಡಿದಾಗ ಮೊದಲ ಸ್ಥಾನದಲ್ಲಿ ಇದ್ದದ್ದು 1951ರಲ್ಲಿ ಆಲಿವರ್ ಲೌರಿ ತಮ್ಮ ಮೂವರು ಸಹೋದ್ಯೋಗಿಗಳ ಜೊತೆ ಬರೆದ ಪ್ರಬಂಧ. ಉಲ್ಲೇಖಗಳು 3 ಲಕ್ಷಕ್ಕೂ ಹೆಚ್ಚು. ವಿಷಯ ಏನಪ್ಪಾ ಅಂದ್ರೆ, ಒಂದು ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಅಳೆಯೋದು ಹೇಗೆ. ತಾಮ್ರದ ದ್ರಾವಣ ಹಾಕಿ, ಆಮೇಲೆ ಇನ್ನೊಂದು ರಾಸಾಯನಿಕ ಬೆರೆಸಿದ್ರೆ ನೀಲಿ ಬಣ್ಣ ಬರುತ್ತೆ. ಪ್ರೋಟೀನ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಅಷ್ಟೇ.

ಜೀವರಸಾಯನ ಶಾಸ್ತ್ರದಲ್ಲಿ ಏನನ್ನೇ ಅಳೆದರೂ 'ಒಂದು ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು' ಅಂತ ಹೇಳಬೇಕಾಗುತ್ತೆ. ಹಾಗಾಗಿ ಎಲ್ಲರಿಗೂ ಈ ವಿಧಾನ ಬೇಕಾಯ್ತು. ಮೊದಲೇ ಇದನ್ನು ಬಳಸುತ್ತಿದ್ದ ಅರ್ಲ್ ಸದರ್ಲೆಂಡ್, ಮುಂದೆ ನೊಬೆಲ್ ಪಡೆದವರು, ಪ್ರಕಟಿಸಿ ಅಂತ ಹುರಿದುಂಬಿಸಿದರು.

ಆದರೆ ಲೌರಿ ಮನಸ್ಸು ಇದ್ದದ್ದು ಮಿದುಳಿನ ಮೇಲೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಅವರದು ಒಂದೇ ಹಠ: ಇಡೀ ಮಿದುಳನ್ನು ಮಿಕ್ಸಿಗೆ ಹಾಕಿ ರುಬ್ಬಿದ್ರೆ ಯಾವ ಜೀವಕೋಶದಲ್ಲಿ ಏನಿತ್ತು ಅಂತ ತಿಳಿಯಲ್ಲ, ಒಂದೊಂದೇ ನರಕೋಶ ನೋಡಬೇಕು. ಹೆಪ್ಪುಗಟ್ಟಿಸಿ ಒಣಗಿಸಿದ ತೆಳುಪದರದಿಂದ ಸೂಕ್ಷ್ಮದರ್ಶಕದಡಿ ಒಂದು ಕೋಶ ಬಿಡಿಸಿ, ಸಣ್ಣ ಸ್ಫಟಿಕದ ಎಳೆಯ ತಕ್ಕಡಿಯಲ್ಲಿ ತೂಗಿದರು. ಒಳಗಿನ ರಾಸಾಯನಿಕ ಅಳತೆಗೆ ಸಿಗದಷ್ಟು ಕಮ್ಮಿ ಇದ್ರೆ ಕಿಣ್ವಗಳ ಸಹಾಯದಿಂದ ಆ ಸುಳಿವನ್ನೇ ಸಾವಿರಾರು ಪಟ್ಟು ಹಿಗ್ಗಿಸಿದರು. ರಕ್ತ ನಿಂತ ಮೇಲೆ ಇಲಿಯ ಮಿದುಳಿನಲ್ಲಿ ಸಕ್ಕರೆ, ಶಕ್ತಿ ಎಷ್ಟು ಬೇಗ ಖಾಲಿಯಾಗುತ್ತೆ ಅಂತ 1964ರಲ್ಲಿ ಅವರ ತಂಡ ಸೆಕೆಂಡುಗಳ ಲೆಕ್ಕದಲ್ಲಿ ತೋರಿಸಿತು. ಆ ಕ್ಷೇತ್ರದವರಿಗೆ ಅದೊಂದು ಅಡಿಗಲ್ಲು. ಲೆಕ್ಕದ ಪಟ್ಟಿಯಲ್ಲಿ ಮಾತ್ರ ನೀಲಿ ಬಣ್ಣದ ಹತ್ತಿರಕ್ಕೂ ಬರಲ್ಲ. 1951ರ ಪ್ರಬಂಧ ಅಂಥ ದೊಡ್ಡದೇನಲ್ಲ ಅಂತ ಲೌರಿಯೇ ಬರೆದುಕೊಂಡಿದ್ದಾರೆ. ಜೊತೆಗೆ, ಜನ ಬಳಸೋದು ನೋಡಿ ಒಳಗೊಳಗೇ ಖುಷಿಯಾಗುತ್ತೆ ಅಂತಲೂ ಒಪ್ಪಿಕೊಂಡಿದ್ದಾರೆ.

ಹಾಗಾದ್ರೆ ಅವರ ಜೀವನದ ಕೆಲಸ ಯಾವುದು?

ನಮ್ಮೂರಲ್ಲಿ ಸುಗ್ಗಿ ಬಂದ್ರೆ ಕಣದಲ್ಲಿ ರಾಗಿ ಅಳೆಯೋಕೆ ಒಂದೇ ಕೊಳಗ ಎಲ್ಲರ ಕೈಗೂ ಹೋಗ್ತಿತ್ತು. ಅದಿಲ್ಲದೆ ಯಾರ ಲೆಕ್ಕವೂ ಇಲ್ಲ. ಹಾಗಂತ ಕೊಳಗ ಎಷ್ಟು ಮನೆ ಸುತ್ತಿತು ಅನ್ನೋದರ ಮೇಲೆ ಈ ವರ್ಷದ ಬೆಳೆ ಹೇಗಿದೆ ಅಂತ ಯಾರೂ ಹೇಳ್ತಿರಲಿಲ್ಲ. ಉಪಯೋಗ ಬೇರೆ, ಆಳ ಬೇರೆ. ನಾವು ಎರಡನ್ನೂ ಒಂದೇ ಅಂಕಿಗೆ ಇಳಿಸಿ 'ಇಂಪ್ಯಾಕ್ಟ್' ಅಂತ ಕರೀತೀವಿ.

ಇಲ್ಲೊಂದು ತಕರಾರು ಇದೆ, ಅದು ನ್ಯಾಯವಾದದ್ದೇ. ಲಕ್ಷಾಂತರ ಜನಕ್ಕೆ ನೆರವಾಗಿದ್ದು ಸಣ್ಣ ಪುಣ್ಯವೇ? ಒಬ್ಬರ ಕುತೂಹಲಕ್ಕಿಂತ ಎಲ್ಲರ ಅನುಕೂಲ ದೊಡ್ಡದಲ್ವಾ? ಇರಬಹುದು. ಆದರೆ ನೋಡಿ, ಸಿಕ್ಕಾಪಟ್ಟೆ ಸಣ್ಣದನ್ನೂ ನಿಖರವಾಗಿ ಅಳೆಯಬೇಕು ಅನ್ನೋ ಹಠ ಎರಡರ ಹಿಂದೆಯೂ ಒಂದೇ. ಉಲ್ಲೇಖ ಏರುತ್ತಿದ್ದಾಗ ಲೌರಿ ಅದೇ ನೀಲಿ ಬಣ್ಣ ತಿಕ್ಕುತ್ತಾ ಕೂರಲಿಲ್ಲ, ಮಿದುಳಿನ ಕಡೆಗೇ ನಡೆದರು. ಸಂಖ್ಯೆ ಕಂಡು ಖುಷಿಪಟ್ಟರು, ಆದರೆ ಮುಂದೇನು ಮಾಡಬೇಕು ಅಂತ ಅದನ್ನ ಕೇಳಲಿಲ್ಲ.

ನಮ್ಮ ಟೀಮಿನ ಹುಡುಗನೊಬ್ಬ ಅಪ್ರೈಸಲ್ ಫಾರ್ಮ್ ಮುಂದಿಟ್ಟುಕೊಂಡು ಕೇಳಿದ, "ಅಣ್ಣ, ಯಾರಿಗೂ ಕಾಣದ ಕೆಲಸ ಯಾಕೆ ಮಾಡ್ಬೇಕು?" ಅಂಕಿ ಬಿಟ್ಟಾಕು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವನಿಗೂ ಇಎಂಐ ಇದೆ, ನನಗೂ ಇದೆ. ಹೇಳಿದ್ದು ಇಷ್ಟು: "ಫಾರ್ಮಿನಲ್ಲಿ ಅಂಕಿ ಧಾರಾಳವಾಗಿ ಬರಿ. ಬೇರೆಯವರಿಗೆ ನಿನ್ನಿಂದ ಏನು ಬೇಕಿತ್ತು ಅಂತ ಅದು ಹೇಳುತ್ತೆ. ನಿನಗೆ ಏನು ತಿಳಿಯಬೇಕಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಅದನ್ನ ನೀನೇ ನೆನಪಿಟ್ಕೋಬೇಕು."