ಬೇಲಿ ದಾಟಿದ ಕೊಂಬೆ

ಮರ ಒಬ್ಬರದು, ನೆರಳು ಹತ್ತು ಜನರದು. ಅಪಾಯ ಮಾತ್ರ ಕೊಂಬೆಯ ಕೆಳಗೆ ಮಲಗುವವನದು. ಪ್ಲೇಗಿನ ಕಾಲದ ಆಸುಪಾಸಿನಲ್ಲಿ, ಗಾಳಿ ಬೆಳಕಿಗಾಗಿಯೇ ಗೆರೆ ಎಳೆದು ಬೆಳೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಈ ವಿಷಮ ಹಂಚಿಕೆ ಅಷ್ಟಾಗಿ ಕಣ್ಣಿಗೆ ಬೀಳದು. ಅಲ್ಲಿ ಮರಕ್ಕೂ ಮಾಡಿಗೂ ನಡುವೆ ಒಂದಿಷ್ಟು ಅಂಗಳವಿತ್ತು. ನಮ್ಮ ಕಾಟನ್‌ಪೇಟೆಯಲ್ಲಿ ಅಂಗಳವೇ ದುಬಾರಿ ಸರಕು. ತವಕ್ಕಲ್ ಮಸ್ತಾನ್ ದರ್ಗಾದ ಸುತ್ತಣ ಓಣಿಗಳಲ್ಲಿ, ಯಾವುದೋ ಹಿತ್ತಿಲಿನಲ್ಲಿ ಹೇಗೋ ಬದುಕಿಕೊಂಡ ಮರ ತೋಳು ಚಾಚಬೇಕಾದರೆ ನೆರೆಯವನ ತಗಡಿನ ಮೇಲೆಯೇ ಚಾಚಬೇಕು.

ನಾನು ಬಲ್ಲ ವಠಾರವೊಂದರಲ್ಲಿ ಹಳೆಯ ನೇರಳೆಮರವಿದೆ. ಅದರ ದೊಡ್ಡ ಕೊಂಬೆಯೊಂದು ಬುಡದಲ್ಲಿ ಟೊಳ್ಳಾಗಿ, ಗೋಡೆ ದಾಟಿ ಪಕ್ಕದ ಮನೆಯ ಮೇಲೆ ಬಾಗಿತ್ತು. ಆ ಮನೆಯಲ್ಲಿ ಹೊಲಿಗೆ ಕೆಲಸದಿಂದ ಜೀವನ ಸಾಗಿಸುವ ತಾಯಿ, ಇಬ್ಬರು ಮಕ್ಕಳು. ಮೋಡ ಕವಿದ ರಾತ್ರಿ ಆಕೆ ಮಕ್ಕಳ ಹಾಸಿಗೆಯನ್ನು ಬಾಗಿಲ ಕಡೆಗೆ ಎಳೆದುಕೊಳ್ಳುವಳು. ಮರದ ಯಜಮಾನರು ಸಜ್ಜನರು. “ನಮ್ಮ ತಾತ ನೆಟ್ಟದ್ದು, ಅದಕ್ಕೆ ಕೊಡಲಿ ಹಾಕಲಾರೆ” ಎಂದರು. ಹೇಳುವಾಗ ಅವರ ಕಣ್ಣು ತೇವವಾದದ್ದನ್ನು ನಾನೇ ಕಂಡಿದ್ದೇನೆ; ಅದು ನಟನೆಯಲ್ಲ. ಆದರೆ ಆ ಕರುಣೆಯ ಬಡ್ಡಿಯನ್ನು ತೆರುತ್ತಿದ್ದವಳು ಗೋಡೆಯ ಆಚೆಯವಳು. ತನ್ನ ತಲೆಯ ಮೇಲಿನ ಕೊಂಬೆಯನ್ನು ಉಳಿಸಿಕೊಂಡರೆ ಅದು ಮರದ ಮೇಲಿನ ಪ್ರೀತಿ. ಇನ್ನೊಬ್ಬರ ತಲೆಯ ಮೇಲಿನದನ್ನು ಉಳಿಸಿದರೆ ಅದಕ್ಕೆ ಬೇರೆ ಹೆಸರನ್ನು ಹುಡುಕಬೇಕಾದೀತು.

ಆಕೆಯ ಭಯ ಸುಳ್ಳಲ್ಲ. 2024ರ ಜೂನ್ 2ರಂದು ಈ ಊರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದಾಗ ಎಷ್ಟೋ ರಸ್ತೆಗಳಲ್ಲಿ ಮರಗಳು ಅಡ್ಡ ಮಲಗಿದವು. 2025ರ ಜೂನ್ ತಿಂಗಳಲ್ಲಿ ಬನಶಂಕರಿಯ ಕಡೆ ಬೈಕಿನಲ್ಲಿ ಹೋಗುತ್ತಿದ್ದ ಯುವಕನೊಬ್ಬನ ಮೇಲೆ ಕೊಂಬೆ ಮುರಿದು ಬಿದ್ದು, ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಇಂಥ ಸುದ್ದಿ ಬಂದ ಮರುದಿನ ಭಯದ ಬೆನ್ನಿಗೆ ಬೇರೆ ನೆಂಟರೂ ಬಂದು ಸೇರುತ್ತಾರೆ. ಎಲೆ ಗುಡಿಸುವ ಬೇಸರ, ಕಾರು ನಿಲ್ಲಿಸುವ ಆಸೆ, ಅಂಗಡಿಯ ಫಲಕ ದೂರಕ್ಕೆ ಕಾಣಲಿ ಎಂಬ ಹಂಬಲ, ಎಲ್ಲವೂ ‘ಅಪಾಯ’ವೆಂಬ ಒಂದೇ ಅಂಗಿ ತೊಟ್ಟು ಅರ್ಜಿಯೊಳಗೆ ನಿಲ್ಲುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹಿತ್ತಿಲಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ಕೊಂಬೆ ಸವರುವುದೂ ಕಡಿಯುವುದರಲ್ಲೇ ಸೇರಿದೆ. ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ ಒಪ್ಪಿಗೆಯನ್ನು ನಿರಾಕರಿಸಬಾರದೆಂದೂ ಅದರಲ್ಲಿದೆ. ಹಾಗಾಗಿ ಆ ಒಂದು ಮಾತನ್ನು ಆಡುವವನು ತೂಗಿ ಆಡಬೇಕು.

ತೂಗುವುದೆಂದರೆ ಕಣ್ಣಿಟ್ಟು ನೋಡುವುದು. ಸಾಮಾನ್ಯವಾಗಿ ಇಡೀ ಮರ ಅಪರಾಧಿಯಲ್ಲ. ಮಳೆಯ ನೀರು ಎಲೆಗಳ ಮೇಲೆ ನಿಂತು ಕೊಂಬೆಯ ಭಾರ ಹೆಚ್ಚುತ್ತದೆ, ಗಾಳಿ ತಿರುಚುತ್ತದೆ, ಆಗ ಟೊಳ್ಳಾದ, ಒಣಗಿದ, ಇಲ್ಲವೆ ಸೀಳು ಬಿಟ್ಟ ಸಂದಿ ಸೋಲುತ್ತದೆ. ಅಷ್ಟನ್ನು ತೆಗೆದರೆ ಸಾಕು. ತಲೆ ಬೋಳಿಸಿದಂತೆ ತುದಿಯನ್ನೆಲ್ಲ ಕತ್ತರಿಸಿದರೆ, ಗಾಯದ ಬಳಿ ಗುಂಪಾಗಿ ಚಿಗುರುವ ರೆಂಬೆಗಳ ಹಿಡಿತ ಸಡಿಲ. ನಾಲ್ಕಾರು ವರ್ಷಗಳಲ್ಲಿ ಅವೇ ಹೊಸ ಅಪಾಯ. ಬಲ್ಲವನು ಮೊದಲು ಅಡಿಯಿಂದ ಕಾಲುಭಾಗ ಗರಗಸ ಹಾಕುತ್ತಾನೆ, ಆಮೇಲೆ ತುಸು ಆಚೆಗೆ ಮೇಲಿನಿಂದ ಕೊಯ್ದು ಭಾರ ಇಳಿಸುತ್ತಾನೆ. ಹಾಗೆ ಮಾಡದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿರುವ ಕೊರಳಿನ ಹೊರಗೆ ಕತ್ತರಿಸುತ್ತಾನೆ. ಆ ಕೊರಳು ಉಳಿದರೆ ಮರ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ವಾದದಲ್ಲಿ ಮರ ಹತ್ತುವವನ ಮಾತೇ ಬರುವುದಿಲ್ಲ. ನೇರಳೆಯ ಕೊಂಬೆ ತೆಗೆಸಿಕೊಡಿ ಎಂದು ಆ ತಾಯಿ ಕೇಳಿದ್ದು ಮಾಘದಲ್ಲಿ. ಯಜಮಾನರ ಮನಸ್ಸು ಕರಗಿ, ಒಪ್ಪಿಗೆಯ ಕಾಗದ ಬಂದು, ಆಳು ಮರ ಹತ್ತಿದ್ದು ಆಷಾಢದ ಗಾಳಿಯಲ್ಲಿ. ಮಾಘದಲ್ಲಿ ತೊಗಟೆ ಒಣಗಿತ್ತು. ಆಷಾಢದಲ್ಲಿ ಅದು ಪಾಚಿಗಟ್ಟಿ ಜಾರುತ್ತಿತ್ತು, ಮಾರು ದೂರದಲ್ಲಿ ವಿದ್ಯುತ್ ತಂತಿ. ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಬರಿಗಾಲಿನಲ್ಲಿ ಹತ್ತಿದವನಿಗೆ ಇಪ್ಪತ್ತು ದಾಟಿತ್ತೋ ಇಲ್ಲವೋ. ಇದನ್ನು ನಾವು ಅಪಾಯ ನಿವಾರಣೆ ಎನ್ನುತ್ತೇವೆ. ವಾಸ್ತವವಾಗಿ ಅಪಾಯ ಎಲ್ಲಿಗೂ ಹೋಗಿರಲಿಲ್ಲ. ಮನೆಯ ಮಾಡನ್ನು ಬಿಟ್ಟು, ಮೂರು ಹೊತ್ತಿನ ಕೂಲಿಗಾಗಿ ಬಂದವನ ಕುತ್ತಿಗೆಗೆ ಹತ್ತಿತ್ತು, ಅಷ್ಟೆ. ನಾವು ತಿಂಗಳುಗಟ್ಟಲೆ ಮುಂದೂಡಿದ ಪ್ರತಿ ದಿನವೂ ಅವನ ಕಾಲ ಕೆಳಗಿನ ತೊಗಟೆಯನ್ನು ಇನ್ನಷ್ಟು ನೆನೆಸಿತ್ತು.

ಹಗ್ಗ ತಂದಿದ್ದೀಯಾ ಎಂದು ಅವನನ್ನು ಕೇಳಿದವರು ಕಡಿಮೆ, ಸೌದೆ ಯಾರಿಗೆ ಎಂದವರು ಬಹಳ. ಕೂಲಿಯ ಮಾತು ಬಂದಾಗ ಮಾತ್ರ ವಠಾರದಲ್ಲಿ ಧರ್ಮಜಿಜ್ಞಾಸೆ ಜೋರಾಯಿತು. ಬೇಲಿ ದಾಟಿದ ಕೊಂಬೆ ಯಾರದು, ಬುಡವಿರುವವರದೋ ತುದಿಯಿರುವವರದೋ? ನನ್ನ ಮಟ್ಟಿಗೆ ಉತ್ತರ ಅಷ್ಟೇನೂ ಕಠಿಣವಲ್ಲ. ಇಷ್ಟು ವರ್ಷ ನೆರಳಿನಲ್ಲಿ ಕುಳಿತು ಹಣ್ಣು ತಿಂದವರೆಲ್ಲ ಸೇರಿ ಕೊಡಬೇಕು. ಹಗ್ಗಕ್ಕೂ, ಕೆಳಗೆ ನಿಂತು ಆ ಹಗ್ಗ ಹಿಡಿಯುವ ಇನ್ನೊಬ್ಬ ಆಳಿಗೂ ಸೇರಿಸಿ.