ಮಾತು ಕೊಡದ ಋಣ

ಕೊಟ್ಟ ಮಾತಿಗೆ ತಪ್ಪಬಾರದು ಎಂಬುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪುಣ್ಯಕೋಟಿಯ ಕಥೆ ಕೇಳುತ್ತಲೇ ಬೆಳೆದವರು ನಾವು. ಆದರೆ ಮಾತನ್ನೇ ಕೊಡದಿದ್ದ ಕಡೆ ಧರ್ಮ ಯಾವುದು? ನಮ್ಮ ಪಾಡಿಗೆ ನಾವು ಏನನ್ನೋ ಮಾಡಿಕೊಂಡು ಬಂದಿರುತ್ತೇವೆ. ಅದನ್ನು ದಿನವೂ ನೋಡಿದ ಇನ್ನೊಬ್ಬರು ಅದನ್ನೇ ನೆಚ್ಚಿಕೊಂಡು ತಮ್ಮ ಬದುಕನ್ನು ಹೊಂದಿಸಿಕೊಂಡಿರುತ್ತಾರೆ. ಒಂದು ದಿನ ನಾವು ಬದಲಾಗುತ್ತೇವೆ, ಅವರ ಕೆಲಸ ಕೆಡುತ್ತದೆ. ಆಗ ತಪ್ಪು ಬದಲಾದವರದೋ, ಕೇಳದೆ ನೆಚ್ಚಿಕೊಂಡವರದೋ?

ಇದು ಮನೆಮನೆಯಲ್ಲೂ ಹುಟ್ಟುವ ಪ್ರಶ್ನೆಯೇ. ನನಗೆ ಮಾತ್ರ ಇದು ಬಂದದ್ದು ಕಂಪ್ಯೂಟರಿನ ಕಡೆಯಿಂದ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಡೇಟಾಬೇಸುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ರಜೆಗೆ ಬಂದಾಗ ನನ್ನೊಡನೆ ಅವರೆಕಾಯಿ ಸುಲಿಯುತ್ತ ಅಲ್ಲಿನ ಕಷ್ಟಸುಖ ಹೇಳುತ್ತಾಳೆ. ಹಾಗೆ ಹೇಳಿದ್ದರಲ್ಲಿ ಒಂದು ಸಂಗತಿ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ.

ಡೇಟಾಬೇಸ್ ಎಂದರೆ ಗಾಬರಿಪಡಬೇಡಿ. ಶಾಲೆಯಲ್ಲಿ ದಾಖಲಾತಿ ರಿಜಿಸ್ಟರ್, ಹಾಜರಿ ಪುಸ್ತಕ, ಅಂಕಗಳ ವಹಿ ಎಲ್ಲ ಇರುತ್ತವಲ್ಲ, ಅಂಥ ನೂರಾರು ವಹಿಗಳ ಕಪಾಟು ಅದು. ಒಂದೊಂದು ವಹಿಗೆ ಟೇಬಲ್ ಎನ್ನುತ್ತಾರೆ. ಗೆರೆ ಎಳೆದು ಮಾಡಿದ ಒಂದೊಂದು ಅಂಕಣಕ್ಕೆ ಕಾಲಮ್ ಎನ್ನುತ್ತಾರೆ. ಈ ಟೇಬಲ್‌ಗಳ ಒಟ್ಟು ವಿನ್ಯಾಸಕ್ಕೆ ಸ್ಕೀಮಾ ಎಂದು ಹೆಸರು. ಹೆಡ್‌ಮಾಸ್ಟರು ವರ್ಗವಾಗಿ ಹೋಗುವಾಗ ಹೊಸಬರಿಗೆ ಒಂದು ಚಾರ್ಜ್ ಲಿಸ್ಟ್ ಒಪ್ಪಿಸುತ್ತಾರೆ: ಇಷ್ಟು ವಹಿಗಳಿವೆ, ಇಂಥಿಂಥವು ಎಂದು. ಡೇಟಾಬೇಸೂ ತನ್ನ ವಿಷಯವಾಗಿ ತಾನೇ ಅಂಥ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಅದೇ ಕ್ಯಾಟಲಾಗ್. ಟೇಬಲ್‌ಗಳ ಈ ಪದ್ಧತಿಯನ್ನು 1970ರಲ್ಲಿ ಜಗತ್ತಿನ ಮುಂದಿಟ್ಟ ಐಬಿಎಮ್ ಸಂಸ್ಥೆಯ ಇ. ಎಫ್. ಕಾಡ್, 1985ರಲ್ಲಿ ಕೆಲವು ನಿಯಮಗಳನ್ನು ಬರೆದರು. ಡೇಟಾಬೇಸಿನ ವಿವರವೂ ಉಳಿದ ಮಾಹಿತಿಯಂತೆಯೇ ಟೇಬಲ್‌ಗಳಲ್ಲಿರಬೇಕು, ಅದನ್ನೂ ಅದೇ ಭಾಷೆಯಲ್ಲಿ ಕೇಳಿ ತಿಳಿಯುವಂತಿರಬೇಕು ಎಂಬುದು ಅವುಗಳಲ್ಲೊಂದು.

ನಮ್ಮ ಹುಡುಗಿ ನೋಡಿಕೊಳ್ಳುವ ಡೇಟಾಬೇಸಿನ ಹೆಸರು ಪೋಸ್ಟ್‌ಗ್ರೆಸ್‌ಕ್ಯೂಎಲ್. ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳುತನದಲ್ಲಿ ಆರಂಭವಾದ ಕೆಲಸದಿಂದ ಬೆಳೆದದ್ದು. ಅದರ ಕ್ಯಾಟಲಾಗಿನಲ್ಲಿ ಪಿಜಿ_ಕ್ಲಾಸ್ ಎಂಬ ಟೇಬಲ್ ಇದೆ. ಅಲ್ಲಿ ಪ್ರತಿ ಟೇಬಲಿಗೂ ಒಂದು ಸಾಲು. ಪಿಜಿ_ಕ್ಲಾಸಿಗೂ ಪಿಜಿ_ಕ್ಲಾಸಿನಲ್ಲೇ ಒಂದು ಸಾಲು!

ಅವಳ ಆಫೀಸಿನಲ್ಲಿ ಸ್ಕೀಮಾ ತೋರಿಸುವ ಹಳೆಯ ಸಲಕರಣೆಯೊಂದಿತ್ತು. ಅದು ಕ್ಯಾಟಲಾಗನ್ನು ಕೇಳಿ, ಬಂದ ಉತ್ತರದಿಂದ ಟೇಬಲ್‌ಗಳ ಚಿತ್ರ ಬಿಡಿಸುತ್ತಿತ್ತು. ವರ್ಷಗಟ್ಟಲೆ ತಂಟೆಯಿಲ್ಲದೆ ನಡೆದಿತ್ತು. ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಿದ ದಿನ ಸಲಕರಣೆ ಚಿತ್ರ ಬಿಡಿಸುವ ಬದಲು, ರೆಲ್‌ಹ್ಯಾಸ್‌ಆಯ್ಡ್ಸ್ ಎಂಬ ಕಾಲಮ್ ಇಲ್ಲ ಎಂದು ಒಂದೇ ಸಾಲು ತೋರಿಸಿ ನಿಂತಿತು. ಎಲ್ಲರ ಬಾಯಲ್ಲೂ ಒಂದೇ ಮಾತು: ಹೊಸ ಆವೃತ್ತಿ ಹಾಕಿ ಕೆಡಿಸಿದರು.

ಅವಳು ಮೊದಲು ಒಳಗಿನ ಮಾಹಿತಿಯನ್ನು ನೋಡಿದಳು. ಒಂದು ಸಾಲೂ ಕಳೆದಿರಲಿಲ್ಲ. ಉಳಿದ ಕೆಲಸಗಳೆಲ್ಲ ಸರಾಗವಾಗಿ ನಡೆಯುತ್ತಿದ್ದವು. ಆಮೇಲೆ ಸರ್ವರಿನ ದಿನಚರಿ ತೆರೆದು, ಸಲಕರಣೆ ನಿಜವಾಗಿ ಕೇಳಿದ ಪ್ರಶ್ನೆ ಯಾವುದು ಎಂದು ಹುಡುಕಿದಳು. ಉದ್ದನೆಯ ಪ್ರಶ್ನೆ, ಹತ್ತಾರು ಕಾಲಮ್‌ಗಳ ಹೆಸರು. ಅವುಗಳಲ್ಲಿ ಒಂದು ಮಾತ್ರ ಕ್ಯಾಟಲಾಗಿನಲ್ಲಿ ಈಗ ಇರಲಿಲ್ಲ. ಒಂದು ಹೆಸರು ಸಿಗದಿದ್ದರೂ ಇಡೀ ಪ್ರಶ್ನೆಯೇ ತಿರಸ್ಕಾರವಾಗುತ್ತದಂತೆ. “ಹತ್ತರಲ್ಲಿ ಒಂದು ತಪ್ಪಾದರೆ ಹತ್ತಕ್ಕೂ ಸೊನ್ನೆ ಹಾಕೋ ಟೀಚರ್ ಥರ ದೊಡ್ಡಮ್ಮ” ಎಂದಳು. ನಾನು ನಗಲೇಬೇಕಾಯಿತು.

ಆ ಕಾಲಮ್ ಎಲ್ಲಿ ಹೋಯಿತು? ಹಿಂದೆ ಈ ಡೇಟಾಬೇಸಿನಲ್ಲಿ ಪ್ರತಿ ಸಾಲಿಗೂ ಕಣ್ಣಿಗೆ ಕಾಣದ ಒಂದು ನಂಬರನ್ನು ಅಂಟಿಸುವ ಪದ್ಧತಿಯಿತ್ತು. ಆ ನಂಬರು ನಾನೂರು ಕೋಟಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ದೊಡ್ಡ ಟೇಬಲ್‌ಗಳಲ್ಲಿ ಗುರುತಿಗೆ ಅದನ್ನು ನಂಬುವಂತಿರಲಿಲ್ಲ. 2005ರಲ್ಲಿ ಬಂದ 8.1ನೇ ಆವೃತ್ತಿಯಿಂದಲೇ ಕೇಳಿದವರಿಗೆ ಮಾತ್ರ ಎಂದು ಮಾಡಿದರು. 2019ರ ಅಕ್ಟೋಬರಿನಲ್ಲಿ ಬಂದ 12ನೇ ಆವೃತ್ತಿಯಲ್ಲಿ ಪೂರ್ತಿ ತೆಗೆದುಹಾಕಿದರು. ಈ ಟೇಬಲಿಗೆ ಆ ನಂಬರು ಉಂಟೋ ಇಲ್ಲವೋ ಎಂದು ಬರೆದಿಡುತ್ತಿದ್ದ ಕಾಲಮ್ಮೇ ರೆಲ್‌ಹ್ಯಾಸ್‌ಆಯ್ಡ್ಸ್. ಪದ್ಧತಿ ಹೋದ ಮೇಲೆ ಅದಕ್ಕೇನು ಕೆಲಸ? ಅದೂ ಹೋಯಿತು. ಹಳೆಯ ಸಲಕರಣೆ ಮಾತ್ರ, ಮನೆ ಖಾಲಿ ಮಾಡಿ ಹೋದವರ ಬಾಗಿಲು ಬಡಿಯುವ ನೆಂಟನಂತೆ, ಅದನ್ನೇ ಕೇಳುತ್ತ ನಿಂತಿತ್ತು.

ಈಗ ನ್ಯಾಯಕ್ಕೆ ಬರೋಣ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಕಟ್ಟಿದವರ ವಾದ ನೇರವಾಗಿದೆ. ಕ್ಯಾಟಲಾಗ್ ನಮ್ಮ ಒಳಗಿನ ಅನುಕೂಲಕ್ಕೆ ಮಾಡಿಕೊಂಡದ್ದು, ಅದು ಹೀಗೇ ಇರುತ್ತದೆಂದು ನಾವು ಹೇಳಿಲ್ಲ. ಹೊರಗಿನವರಿಗೆಂದೇ ಇನ್ಫರ್ಮೇಶನ್ ಸ್ಕೀಮಾ ಎಂಬ ಇನ್ನೊಂದು ಬಾಗಿಲಿದೆ. ಅದರ ರೂಪವನ್ನು ಎಸ್‌ಕ್ಯೂಎಲ್ ಮಾನಕವೇ ಗೊತ್ತುಮಾಡಿರುವುದರಿಂದ ಅದು ಸ್ಥಿರವಾಗಿರುತ್ತದೆ ಎಂದು ಕೈಪಿಡಿಯಲ್ಲಿ ಬರೆದೂ ಇದ್ದೇವೆ. ಆ ಬಾಗಿಲು 2003ರ 7.4ನೇ ಆವೃತ್ತಿಯಿಂದ ತೆರೆದಿದೆ. ನಡುಮನೆಯಲ್ಲಿ ಕೂತು ಕೇಳುವುದನ್ನು ಬಿಟ್ಟು ಅಡುಗೆಮನೆಯ ಡಬ್ಬಿಗಳಲ್ಲಿ ಕೈಯಾಡಿಸಿದರೆ, ಡಬ್ಬಿ ಜಾಗ ಬದಲಾದ ದಿನ ನಮ್ಮನ್ನು ಬೈಯಬೇಡಿ.

ಸಲಕರಣೆ ಬರೆದವರಿಗೂ ವಾದವಿದೆ. ಎದುರು ಬಾಗಿಲಲ್ಲಿ ಎಲ್ಲವೂ ಸಿಗುವುದಿಲ್ಲ. ಈ ಡೇಟಾಬೇಸಿಗೇ ವಿಶೇಷವಾದ ಅನೇಕ ವಿಷಯಗಳು ಇನ್ಫರ್ಮೇಶನ್ ಸ್ಕೀಮಾದಲ್ಲಿಲ್ಲ, ಒಳಗೇ ಹೋಗಿ ನೋಡಬೇಕು. ಅಷ್ಟೇಕೆ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನವರ ಸ್ವಂತ ಸಲಕರಣೆ ಪಿಎಸ್‌ಕ್ಯೂಎಲ್ ಕೂಡ ಕ್ಯಾಟಲಾಗನ್ನೇ ಕೇಳುತ್ತದೆ. ಅದರ ಹಳೆಯ ಪ್ರತಿಯನ್ನು 12ನೇ ಆವೃತ್ತಿಯ ಸರ್ವರಿಗೆ ಜೋಡಿಸಿ ಒಂದು ಟೇಬಲಿನ ವಿವರ ಕೇಳಿದರೆ ಇದೇ ಸಾಲು ಬಂದು ನಿಲ್ಲುತ್ತದೆ. ಮನೆಮಗಳೇ ಎಡವುವ ಹೊಸ್ತಿಲಲ್ಲಿ ನೆಂಟರು ಎಡವಿದರೆ ಆಶ್ಚರ್ಯವೇನು?

ಎರಡೂ ವಾದ ಕೇಳಿದಾಗ ನನಗೆ ನೆನಪಾದದ್ದು ಹಿಂದೆ ನಾನಿದ್ದ ಶಾಲೆಯೊಂದರ ಟೀಚರು. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಜಗಲಿಯಲ್ಲಿ ಕೂತು ನೋಟ್‌ಬುಕ್ ತಿದ್ದುತ್ತಿದ್ದರು. ಅವರೂರಿನ ಬಸ್ಸು ಇದ್ದದ್ದೇ ಐದೂವರೆಗೆ. ಹೊಲಿಗೆ ಕಾರ್ಖಾನೆಗೆ ಹೋಗುವ ತಾಯಂದಿರ ಮೂರು ನಾಲ್ಕು ಮಕ್ಕಳು ಅವರ ಪಕ್ಕದಲ್ಲೇ ಆಡುತ್ತ, ಕರೆದೊಯ್ಯುವವರು ಬರುವ ತನಕ ಇರುತ್ತಿದ್ದವು. ಒಂದು ಜೂನಿನಲ್ಲಿ ಬಸ್ಸಿನ ವೇಳೆ ನಾಲ್ಕು ಮುಕ್ಕಾಲಿಗೆ ಬದಲಾಯಿತು. ಟೀಚರು ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿ, ಆ ಹೊತ್ತಿಗೆ ಹೊರಟರು. ಎರಡನೇ ತರಗತಿಯ ಹುಡುಗಿಯೊಂದು ಮಬ್ಬುಗತ್ತಲಾಗುವ ತನಕ ಗೇಟಿನ ಬಳಿ ಒಂಟಿಯಾಗಿ ನಿಂತಿತ್ತು.

ಮಾರನೆಯ ದಿನ ಆ ತಾಯಿ ಬಂದಳು. “ನೀವಿರ್ತೀರಿ ಅಂತ ತಾನೇ ಟೀಚರ್ ನಾವು ನಿಶ್ಚಿಂತೆಯಾಗಿದ್ದದ್ದು?” ಎಂದು ಅತ್ತಳು. “ಇರ್ತೀನಿ ಅಂತ ನಾನು ಯಾವತ್ತಮ್ಮ ಹೇಳಿದ್ದೆ? ನಾನು ಕೂತಿರ್ತಿದ್ದದ್ದು ನನ್ನ ಬಸ್ಸಿಗೆ” ಎಂದರು ಟೀಚರು. ಎರಡು ಮಾತೂ ನಿಜ. ಆದರೆ ಕತ್ತಲಲ್ಲಿ ನಿಂತದ್ದು ಇವರಿಬ್ಬರೂ ಅಲ್ಲ. ನೆಚ್ಚಿಕೊಳ್ಳಬೇಕೋ ಬಿಡಬೇಕೋ ಎಂದು ಆ ಮಗುವನ್ನು ಯಾರೂ ಕೇಳಿರಲಿಲ್ಲ. ಸಲಕರಣೆಯನ್ನು ಬರೆಯದೆ, ಡೇಟಾಬೇಸನ್ನೂ ಕಟ್ಟದೆ, ಅರ್ಧ ರಾತ್ರಿ ಉತ್ತರ ಹುಡುಕುತ್ತ ಕೂರುವ ನಮ್ಮ ಹುಡುಗಿಯಂಥವರ ಪಾಡೂ ಅದೇ ಜಾತಿಯದು.

ಹಾಗಾದರೆ ಮಾತು ಕೊಡದಿದ್ದರೂ ಋಣ ಉಂಟೇ? ಉಂಟು ಎಂದೇ ನನಗನ್ನಿಸುತ್ತದೆ. ಆದರೆ ಅದು ಕೊನೆಯತನಕ ಹಾಗೇ ಇರಬೇಕೆಂಬ ಋಣವಲ್ಲ. ಬಸ್ಸು ಬಿಟ್ಟು ಟೀಚರು ಎಲ್ಲಿಗೆ ಹೋಗಬೇಕು? ಯಾರೋ ನೆಚ್ಚಿಕೊಂಡಿದ್ದಾರೆಂದು ಒಳಗಿನ ಒಂದು ಡಬ್ಬಿಯನ್ನೂ ಕದಲಿಸಬಾರದೆಂದರೆ ಯಾವ ಡೇಟಾಬೇಸೂ ಬೆಳೆಯಲಾರದು, ಯಾವ ಹೆಂಗಸೂ ಉಸಿರಾಡಲಾರಳು. ಇರುವ ಋಣ ಸುದ್ದಿ ಮುಟ್ಟಿಸುವುದು, ಬೇರೆ ದಾರಿ ತೋರಿಸುವುದು. ಡೇಟಾಬೇಸಿನವರು 2005ರಿಂದ 2019ರವರೆಗೆ, ಹದಿನಾಲ್ಕು ವರ್ಷ, ಈ ಪದ್ಧತಿ ಹಿಂದೆ ಸರಿಯುತ್ತಿದೆ ಎಂದು ತೋರಿಸುತ್ತಲೇ ಬಂದರು. ಸಣ್ಣ ಅವಧಿಯಲ್ಲ ಅದು. ಆದರೂ ಸಲಕರಣೆಗಳು ಮುರಿದವು. ಏಕೆಂದರೆ ಕೈಪಿಡಿಯಲ್ಲಿ ಬರೆಯುವುದು ಸ್ಟಾಫ್ ರೂಮಿನಲ್ಲಿ ಹೇಳಿದಂತೆ. ಹೇಳಿದ್ದು ಹೌದು, ತಲುಪಬೇಕಾದವರಿಗೆ ತಲುಪಿತೇ ಎಂಬುದು ಬೇರೆ. ಆ ಟೀಚರು ಕೋಪ ಇಳಿದ ಮೇಲೆ ಆ ತಾಯಂದಿರಿಗೆಲ್ಲ ಚೀಟಿ ಬರೆದರು. ಶಾಲೆಯ ಎದುರುಮನೆಯ ಅಜ್ಜಿಗೆ ಹೇಳಿ, ಮಕ್ಕಳು ಅವರ ಜಗಲಿಯಲ್ಲಿ ಕೂರುವಂತೆ ಮಾಡಿದರು. ಬಸ್ಸು ಮಾತ್ರ ನಾಲ್ಕು ಮುಕ್ಕಾಲಿನದೇ ಹಿಡಿದರು. ಅದೇ ಸರಿ ಎನ್ನುತ್ತೇನೆ ನಾನು.

ನೆಚ್ಚಿಕೊಂಡವರಿಗೂ ಒಂದು ಋಣವಿದೆ. ನಮ್ಮ ಹುಡುಗಿ ಕೊನೆಗೆ ಸಲಕರಣೆಯ ಹೊಸ ಪ್ರತಿ ಹಾಕಿಸಿದಳು. ಅದು ಹಳೆಯದಕ್ಕಿಂತ ಬುದ್ಧಿವಂತಿಕೆಯದು: ಸರ್ವರನ್ನು ಕಂಡ ಕೂಡಲೇ “ನಿಮ್ಮದು ಎಷ್ಟನೆಯ ಆವೃತ್ತಿ?” ಎಂದು ಕೇಳಿ, ಉತ್ತರಕ್ಕೆ ತಕ್ಕ ಪ್ರಶ್ನೆಯನ್ನು ಮಾತ್ರ ಮುಂದಿಡುತ್ತದೆ. ಇಪ್ಪತ್ತು ವರ್ಷ ಬೆಳಗಿನ ಐದಕ್ಕೆ ಎದ್ದು ಕಾಫಿ ಕೊಟ್ಟ ತಾಯಿ ಒಂದು ದಿನ ಏಳದಿದ್ದರೆ “ಅಮ್ಮನಿಗೇನಾಯಿತು, ಹೀಗಾಗಿಬಿಟ್ಟಳು” ಎನ್ನುವ ಮಕ್ಕಳು, ಅವಳೀಗ ಹೇಗಿದ್ದಾಳೆ ಎಂದು ಮೊದಲು ಕೇಳುತ್ತಾರೆಯೆ? ಅವಳಿಗೆ ಮಂಡಿನೋವು ಬಂದು ಮೂರು ವರ್ಷವಾಗಿರುತ್ತದೆ. ನಾವು ಕೇಳುವುದು ಇಪ್ಪತ್ತು ವರ್ಷದ ಹಿಂದಿನ ಅಮ್ಮನನ್ನು.

ಇನ್ನೊಂದು ಸಂಗತಿ. ಅದೇ 12ನೇ ಆವೃತ್ತಿಯಲ್ಲಿ ಆಡ್‌ಎಸ್‌ಆರ್‌ಸಿ ಎಂಬ ಇನ್ನೊಂದು ಕಾಲಮನ್ನೂ ತೆಗೆದರು. ಯಾವ ಅಂಕಣದಲ್ಲಿ ಏನೂ ತುಂಬದಿದ್ದರೆ ಏನು ಬರಬೇಕು ಎಂಬುದರ ಬರಹದ ನಕಲು ಅದರಲ್ಲಿರುತ್ತಿತ್ತು. ಮೂಲ ಬದಲಾದರೂ ನಕಲು ಹಳೆಯದೇ ಉಳಿಯಬಹುದು, ಅದನ್ನು ಬಳಸದಿರುವುದೇ ಒಳ್ಳೆಯದು ಎಂದು ಕೈಪಿಡಿ ಮೊದಲೇ ಎಚ್ಚರಿಸಿತ್ತು. ಯಾರ ಮನಸ್ಸೂ ನೋಯದಿರಲೆಂದು ಇಂಥ ಕಾಲಮ್‌ಗಳನ್ನು ಇದ್ದಲ್ಲೇ ಬಿಡಬಹುದಿತ್ತು. ಯಾವ ಸಲಕರಣೆಯೂ ನಿಲ್ಲುತ್ತಿರಲಿಲ್ಲ. ಉತ್ತರ ಮಾತ್ರ ಎಂದೋ ಒಂದು ದಿನ ಸುಳ್ಳಾಗಿರುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕಿಂತ ಇಲ್ಲದ್ದನ್ನು ಇಲ್ಲ ಎನ್ನುವುದು ಮೇಲು. ಕೇಳಿದವರಿಗೆ ಆ ಹೊತ್ತಿಗೆ ಕಷ್ಟ, ಆದರೆ ಎಲ್ಲಿ ಹುಡುಕಬೇಕೆಂಬುದು ಗೊತ್ತಾಗುತ್ತದೆ.

ನಮ್ಮಲ್ಲಿ ಎಷ್ಟೋ ಜನ ಹೆಂಗಸರು ಆಗದ್ದನ್ನೂ ಆಗುತ್ತದೆ ಎಂದೇ ತಲೆಯಾಡಿಸಿಕೊಂಡು ಬಂದವರು. ಅಭ್ಯಾಸಬಲದಿಂದ ಹಾಗೆ ಹೇಳುವ ಮೊದಲು ಒಮ್ಮೆ ನಿಂತು ನೋಡಬೇಕು. ಆಗುವುದಾದರೆ ಆಗುತ್ತದೆ ಎನ್ನೋಣ. ಆಗದಿದ್ದರೆ ಇನ್ನು ಮುಂದೆ ಆಗುವುದಿಲ್ಲ ಎಂದು, ಕೇಳಬೇಕಾದವರ ಕಿವಿಗೇ ಬೀಳುವಂತೆ, ಸಂಜೆ ಕತ್ತಲಾಗುವುದಕ್ಕೆ ಮುಂಚೆಯೇ ಹೇಳಿಬಿಡೋಣ.